ಪೆರ್ಲದ ಜಗಲಿಯಲ್ಲಿ ಅಜ್ಟೆಕರ ಸೂರ್ಯ

ತಾಳಮದ್ದಳೆಯಲ್ಲಿ ಅರ್ಥ ಹೇಳುವವನಿಗೆ ಬೇರೆ ಯಾರು ಇಲ್ಲದಿದ್ದರೂ ಎದುರಿಗೆ ಒಬ್ಬ ಬೇಕು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದ ಮೇಲೆ ಇಬ್ಬರು ಎದುರುಬದುರು ಕೂತು ಬರೀ ಮಾತಿನಲ್ಲೇ ಹೊಡೆದಾಡುವ ಕೆಲಸ ಅದು. ಒಬ್ಬನೇ ಕೂತು ಮಾತಾಡಿದರೆ ಅದಕ್ಕೆ ಭಾಷಣ ಅಂತಾರೆ, ಇನ್ನೂ ಸ್ವಲ್ಪ ಮುಂದೆ ಹೋದರೆ ಹುಚ್ಚು ಅಂತಾರೆ. ನನಗೆ ಮದುವೆ ಆಗಲಿಲ್ಲ, ಅಣ್ಣತಮ್ಮಂದಿರೂ ಇಲ್ಲ. ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತನಾದ ಮೇಲೆ ಕಾಸರಗೋಡಿನ ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ಆದರೆ ಎದುರಾಳಿ ಇದ್ದ. ಅಷ್ಟು ಸಾಕಿತ್ತು ನನಗೆ.

ಅವನದು ಪೆರ್ಲದ ಪೇಟೆಯಲ್ಲಿ ಜವಳಿ ಅಂಗಡಿ, ಹಿಂದೆಯೇ ಮನೆ. ಬಟ್ಟೆ ಹರಿದು ಕೊಡುವ ಹಾಗೆಯೇ ನನ್ನ ವಾದವನ್ನೂ ಅಳೆದು, ಅಂಚಿಗೆ ಸಣ್ಣ ಕತ್ತರಿ ಹಾಕಿ, ಪರ್ರನೆ ಹರಿದುಬಿಡುತ್ತಿದ್ದ. ಬೋವಿಕಾನದಲ್ಲಿ ಒಂದು ಮಧ್ಯಾಹ್ನದ ತಾಳಮದ್ದಳೆ ಕೂಟ. ವಾರವಿಡೀ ತಯಾರಿ ಮಾಡಿದ ಪ್ರಶ್ನೆಯೊಂದನ್ನು ಅವನ ಮೇಲೆ ಎಸೆದೆ. ಅವನು ಶಾಲು ಸರಿಮಾಡಿಕೊಂಡು, ನಗುತ್ತಾ, ಅದನ್ನು ನನಗೇ ತಿರುಗಿಸಿ ಕೊಟ್ಟ. ಕೂಟ ಮುಗಿದು ಚಾ ಕುಡಿಯುವಾಗ, "ಪ್ರಶ್ನೆ ಒಳ್ಳೆದಿತ್ತು ಮಾರಾಯ. ನನ್ನ ಉತ್ತರ ಸಭೆಗಿಂತ ನಿನಗೇ ಹೆಚ್ಚು ಇಷ್ಟ ಆಯ್ತು, ಅಲ್ವಾ?" ಅಂತ ಕೆಣಕಿದ. ಆಗಿತ್ತು, ಎಂತ ಮಾಡುವುದು!

ನಮ್ಮ ಕೂಟಗಳಲ್ಲಿ ಒಂದು ಮರ್ಯಾದೆ ಉಂಟು. ಎದುರಿನವನು ಮಾತು ಸಿಗದೆ ತಡವರಿಸಿದರೆ ಸುಮ್ಮನೆ ನೋಡುತ್ತಾ ಕೂರಬಾರದು. "ಹಾಗಾದರೆ ನಿನ್ನ ಅಭಿಪ್ರಾಯ ಹೀಗೋ?" ಅಂತ, ಅವನು ಹೇಳಬೇಕಾದ್ದನ್ನು ನಾವೇ ಹೇಳಿ ಮುಂದೆ ದಾಟಿಸಬೇಕು. ಸಭೆಗೆ ಗೊತ್ತೇ ಆಗಬಾರದು. ನಾನು ಅದರಲ್ಲಿ ಭಾರೀ ಹುಷಾರಿ. ಅವನನ್ನು ಮಾತ್ರ ಒಂದು ಸಲವೂ ಹಾಗೆ ದಾಟಿಸಬೇಕಾಗಿ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಾ ಇದ್ದವನು ಹಾಗೆಯೇ ಕುಸಿದುಬಿದ್ದ. ಸ್ಟ್ರೋಕ್. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲಿಗೆ ಸ್ವಾಧೀನ ಇಲ್ಲ, ಮಾತೂ ಇಲ್ಲ. ಕೇಳಿದ್ದೆಲ್ಲ ಅರ್ಥ ಆಗ್ತದೆ, ಹೇಳುವ ದಾರಿ ಮಾತ್ರ ಕಟ್ಟಿಹೋಗಿದೆ ಅಂದರು ಡಾಕ್ಟರು. ಪ್ರಯತ್ನ ಬಿಡಬೇಡಿ, ಒಂದೆರಡು ಶಬ್ದ ಬಂದರೂ ಬರಬಹುದು ಅಂತಲೂ ಅಂದರು. ಆ ಒಂದೆರಡು ಶಬ್ದಕ್ಕಾಗಿ ನಾನು ಪ್ರತೀ ಭಾನುವಾರ ಪುತ್ತೂರಿನ ಬಸ್ಸು ಹತ್ತಿ ಪೆರ್ಲದಲ್ಲಿ ಇಳಿಯತೊಡಗಿದೆ. ಅವನ ಹೆಂಡತಿ, ನಾನು ಅತ್ತಿಗೆ ಅಂತ ಕರೆಯುವುದು, ಅವನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ ಕಾಯುತ್ತಿದ್ದರು. ನಾನು ನಮ್ಮ ಹಳೆಯ ಪ್ರಸಂಗಗಳನ್ನೇ ಎತ್ತಿದೆ. ಅದು ತಪ್ಪಾಯಿತು. ತಾನು ಅಲ್ಲಿ ಎಂತ ಹೇಳುತ್ತಿದ್ದೆ ಅಂತ ಅವನಿಗೆ ನೆನಪಿತ್ತು. ಬಾಯಿ ತೆರೆಯುವನು, ಮಾತು ಬಾರದು, ಕಣ್ಣಲ್ಲಿ ನೀರು. ಪಾಪ, ನೋಡಲಿಕ್ಕೆ ಆಗುತ್ತಿರಲಿಲ್ಲ.

ಹಾಗಾಗಿ ನಾವಿಬ್ಬರೂ ಯಾವತ್ತೂ ಅರ್ಥ ಹೇಳದ ಕತೆಯೊಂದು ಬೇಕಾಯಿತು. ಕಾಸರಗೋಡಿನ ಲೈಬ್ರರಿಯಲ್ಲಿ ಹುಡುಕುವಾಗ ಕೈಗೆ ಬಂದದ್ದು ಮೆಕ್ಸಿಕೋದ ಅಜ್ಟೆಕರ ಸಾಹಿತ್ಯದ ಬಗ್ಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ಎಲ್ಲಿಯ ಅಜ್ಟೆಕರು, ಎಲ್ಲಿಯ ಪೆರ್ಲ! ಆದರೂ ಕೋಣೆಗೆ ತಂದು ಓದಲಿಕ್ಕೆ ಕೂತೆ. ನನ್ನನ್ನು ಊಟಕ್ಕೆ ಕರೆಯುವವರು ಯಾರಿದ್ದಾರೆ, ಓದುತ್ತಲೇ ಹೋದೆ.

ಅವರದು ಚಿತ್ರದ ಪುಸ್ತಕಗಳು. ಮಡಚಿದ ಹಾಳೆಗಳನ್ನು ಎದುರಿಗೆ ಹರಡಿಕೊಂಡು, ಕಲಿತವನು ಬಾಯಲ್ಲಿ ಹೇಳಬೇಕು. ಚಿತ್ರ ನಮ್ಮ ಪ್ರಸಂಗದ ಪದ ಇದ್ದ ಹಾಗೆ. ಉಳಿದದ್ದೆಲ್ಲ ಹೇಳುವವನ ಗಂಟಲಿನಲ್ಲಿ. ಸ್ಪೇನಿನವರು ಬಂದ ಮೇಲೆ ಪುಸ್ತಕಗಳು ಬೆಂಕಿಗೆ ಹೋದವು, ಹೇಳುವವರು ಯುದ್ಧಕ್ಕೂ ಸಿಡುಬಿಗೂ ಹೋದರು. ಆಮೇಲೆ ಕೆಲವು ಪಾದ್ರಿಗಳೇ ಅಲ್ಲಿನ ಯುವಕರಿಗೆ ಅಕ್ಷರ ಕಲಿಸಿ, ಬದುಕಿ ಉಳಿದ ಮುದುಕರನ್ನು ಕೂರಿಸಿ, ಹಾಡು, ಕತೆ, ಹಿರಿಯರ ಬುದ್ಧಿಮಾತು ಎಲ್ಲ ಬರೆಸಿದರಂತೆ. ಈಗ ಸಿಗುವುದರಲ್ಲಿ ಹೆಚ್ಚಿನದು ಅದೇ. ಪಂಡಿತರ ಜಗಳ ಇನ್ನೂ ಮುಗಿದಿಲ್ಲ. ಈ ಹಾಡು ಹಳೆಯದೋ, ಪಾದ್ರಿಗಳು ಬಂದ ಮೇಲಿನದೋ? ಹಾಡಿನಲ್ಲಿ ಹೆಸರಿರುವ ದೊರೆಯೇ ಕಟ್ಟಿದ್ದೋ, ಅವನ ಹೆಸರಿನಲ್ಲಿ ಮತ್ತೊಬ್ಬ ಹಾಡಿದ್ದೋ? ಹಾಡಿನ ಪಕ್ಕ ಡೋಲಿನ ಬಾಯಿತಾಳ ಬರೆದಿಟ್ಟಿದ್ದಾರೆ. ಬಾರಿಸುವುದು ಹೇಗೆ ಅಂತ ಒಬ್ಬರ ಮಾತು ಇನ್ನೊಬ್ಬರಿಗೆ ಆಗುವುದಿಲ್ಲ. ಕಳೆದ ಶತಮಾನದಲ್ಲಿ ಮೆಕ್ಸಿಕೋದ ಚಿತ್ರಕಾರರು ಅಜ್ಟೆಕರ ದೇವರುಗಳನ್ನು ಸರ್ಕಾರಿ ಕಟ್ಟಡಗಳ ಗೋಡೆ ತುಂಬ ಬರೆದರಂತೆ, ಕವಿಗಳು ಆ ಹಾಡುಗಳಿಂದ ಸಾಲ ತಂದರಂತೆ.

ಓದುತ್ತಾ ನನಗೆ ಪೆರ್ಲದವನ ನೆನಪಾಯಿತು. ಅವನು ಹೇಳಿದ ಅರ್ಥ ಒಂದೂ ಎಲ್ಲೂ ಬರೆದಿಟ್ಟದ್ದಿಲ್ಲ. ರೆಕಾರ್ಡ್ ಮಾಡ್ತೇವೆ ಅಂತ ಬಂದವರನ್ನು "ನನ್ನ ಮಾತನ್ನು ಉಪ್ಪಿನಕಾಯಿ ಹಾಕ್ತೀರಾ?" ಅಂತ ಓಡಿಸಿದ ಮಹಾರಾಯ ಅವನು.

ಆ ಪುಸ್ತಕದಲ್ಲಿ ಒಂದು ಕತೆ ಸಿಕ್ಕಿತು. ಸೂರ್ಯ ಇಲ್ಲದ ಕತ್ತಲೆಯಲ್ಲಿ ದೇವರುಗಳೆಲ್ಲ ಒಂದು ದೊಡ್ಡ ಬೆಂಕಿಯ ಸುತ್ತ ಸೇರಿದ್ದಾರೆ. ಯಾರಾದರೂ ಅದಕ್ಕೆ ಹಾರಿದರೆ ಸೂರ್ಯ ಹುಟ್ಟುತ್ತಾನೆ. ಒಬ್ಬ ಶ್ರೀಮಂತ ದೇವರು, ಜಂಬದವನು, ನಾನು ಅಂತ ಮುಂದೆ ಬಂದ. ಜೊತೆಗೆ ಇನ್ನೊಬ್ಬ ಬೇಕಾಗಿ, ಮೈಯೆಲ್ಲ ಹುಣ್ಣಾಗಿ ಮೂಲೆಯಲ್ಲಿ ಕೂತಿದ್ದವನನ್ನು ನಿಲ್ಲಿಸಿದರು. ಜಂಬದವನು ಬೆಂಕಿಯವರೆಗೆ ಹೋದ, ಹೆದರಿ ಹಿಂದೆ ಬಂದ, ಮತ್ತೆ ಹೋದ, ಮತ್ತೆ ಬಂದ. ಹುಣ್ಣಿನವನು ಕಣ್ಣು ಮುಚ್ಚಿ ಹಾರಿಯೇಬಿಟ್ಟ, ಸೂರ್ಯನಾದ. ನಾಚಿಕೆಯಾಗಿ ಜಂಬದವನೂ ಹಿಂದೆಯೇ ಹಾರಿ ಚಂದ್ರನಾದ. ಇವನ ಬೆಳಕು ಜಾಸ್ತಿಯಾಯಿತು ಅಂತ ದೇವರೊಬ್ಬ ಒಂದು ಮೊಲವನ್ನು ಎತ್ತಿ ಅವನ ಮುಖಕ್ಕೆ ಎಸೆದ. ಚಂದ್ರನಲ್ಲಿ ಮೊಲ! ನಮ್ಮಲ್ಲೂ ಉಂಟಲ್ಲ! ನಾನು ಕೋಣೆಯಲ್ಲಿ ಒಬ್ಬನೇ ಗಟ್ಟಿಯಾಗಿ ನಕ್ಕೆ. ಇದನ್ನು ಈಗಲೇ ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರೂ ಇರಲಿಲ್ಲ. ಭಾನುವಾರದವರೆಗೆ ಕಾದೆ.

ಜಗಲಿಯಲ್ಲಿ ಕತೆ ಹೇಳಿ ಮುಗಿಸಿದಾಗ ಅವನ ಕಣ್ಣು ಹೊಳೆಯಿತು. ಮೊಲದ ವಿಷಯಕ್ಕೆ ಅರ್ಧ ಬಾಯಿಯಲ್ಲಿ ನಕ್ಕ. "ನಾನು ಜಂಬದವನು, ನೀನು ಮತ್ತೊಬ್ಬ. ಬಾ ನೋಡುವ," ಅಂತ ಶುರುಮಾಡಿದೆ. ವಾರಗಟ್ಟಲೆ ಅದೇ ಪ್ರಸಂಗ ನಡೆಯಿತು. ನಾನು ಕೇಳುವುದು, ಅವನ ತುಟಿ ಅದುರುವುದು, ಅದನ್ನು ನೋಡಲಾರದೆ "ಹಾಗಾದರೆ ನಿನ್ನ ಅಭಿಪ್ರಾಯ ಹೀಗೋ?" ಅಂತ ನಾನೇ ಹೇಳಿ ಮುಂದೆ ಹೋಗುವುದು. ಅವನು ಸೋಲಬಾರದು ನೋಡಿ.

ಕಡೆಗೆ ಒಂದು ದಿನ ಅತ್ತಿಗೆಗೆ ಸಿಟ್ಟು ಬಂತು. ಚಾದ ಲೋಟವನ್ನು ಠಪ್ಪನೆ ಇಟ್ಟು, "ಎಂತ ಮಾಷ್ಟ್ರೇ ಇದು? ನೀವೇ ಕೇಳ್ತೀರಿ, ನೀವೇ ಹೇಳ್ತೀರಿ. ಅವರು ಬಾಯಿ ಬಿಡುವಷ್ಟರಲ್ಲಿ ನಿಮ್ಮ ಉತ್ತರ ಮುಗಿದಿರ್ತದೆ. ಇಲ್ಲಿ ಯಾವ ಸಭೆ ಉಂಟು, ಮಾನ ಹೋಗಲಿಕ್ಕೆ? ಸ್ವಲ್ಪ ಸುಮ್ಮನೆ ಕೂತ್ಕೊಳ್ಳಿ," ಅಂದರು.

ನನಗೂ ರೇಗಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವರ ಜೊತೆ ವಾದ ಮಾಡಿದೆ. ಕಾಸರಗೋಡು ಬರುವಷ್ಟರಲ್ಲಿ ಸೋತಿದ್ದೆ.

ಮುಂದಿನ ಭಾನುವಾರ ಜಂಬದವನಾಗಿ ಬೆಂಕಿಯ ಹತ್ತಿರ ಹೋದೆ, ಹಿಂದೆ ಬಂದೆ. "ನನಗೆ ಹೆದರಿಕೆ ಆಗ್ತದೆ. ನಮ್ಮಿಬ್ಬರಲ್ಲಿ ಹಾರುವುದು ಯಾರು? ನೀನೇ ಹೇಳು," ಅಂತ ಕೇಳಿ ಬಾಯಿ ಮುಚ್ಚಿದೆ. ಪೇಟೆಯಲ್ಲಿ ಬಸ್ಸೊಂದು ಹಾರ್ನ್ ಹಾಕುತ್ತಾ ಹೋಯಿತು. ಅವನ ಕುತ್ತಿಗೆಯ ನರ ಉಬ್ಬಿತು. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಕಷ್ಟಪಟ್ಟು ನುಂಗಿದೆ. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

"ನಾನು," ಅಂದ ಅವನು.

ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದರು.

"ನಾನು ಹಾರ್ತೇನೆ."

"ಅಯ್ಯೋ ದೇವರೇ, ಮಾತಾಡಿದ್ರು! ಮಾಷ್ಟ್ರೇ, ಮಾತಾಡಿದ್ರು!" ಅತ್ತಿಗೆ ಅಳುತ್ತಾ ನಗುತ್ತಾ, ಪುತ್ತೂರಿನಲ್ಲಿರುವ ಮಗಳಿಗೆ ಫೋನ್ ಮಾಡಲಿಕ್ಕೆ ಒಳಗೆ ಓಡಿದರು. ನಾನೂ ಚಪ್ಪಾಳೆ ತಟ್ಟಿದೆ. ಭಲೇ, ಭಲೇ ಅಂದೆ. ಆಮೇಲೆ ಅವನ ಮುಖ ನೋಡಿದೆ. ಅವನು ನಗುತ್ತಿರಲಿಲ್ಲ. ಎಡಗೈಯಲ್ಲಿ ತನ್ನ ಬಲಗೈಯನ್ನು ಎತ್ತಿ ತೋರಿಸಿದ, ಬಿಟ್ಟ. ಅದು ತೊಡೆಯ ಮೇಲೆ ಬಿತ್ತು. ಅತ್ತಿಗೆ ಹೋದ ಬಾಗಿಲಿನ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ ಇನ್ನೊಮ್ಮೆ ಹೇಳಿದ. "ಹಾರ್ತೇನೆ."

ಕತೆಯ ಮಾತಲ್ಲ ಅದು. ನಾನು ಅವನ ಹತ್ತಿರಕ್ಕೆ ಸರಿದೆ.

"ಬೇಡ ಮಾರಾಯ," ಅಂದೆ. "ನೀನು ಹಾರಿದರೆ ಹಿಂದೆಯೇ ನಾನು ಹಾರಬೇಕು. ನನ್ನಿಂದ ಆಗ್ಲಿಕ್ಕಿಲ್ಲ, ನಾನು ಹೆದರುಪುಕ್ಕ. ಅತ್ತಿಗೆಗೆ ಮಗಳಾದರೂ ಇದ್ದಾಳೆ. ನೀನು ಹೋದರೆ ನನಗೆ ಜಗಳ ಮಾಡಲಿಕ್ಕೂ ಜನ ಇಲ್ಲ. ಇರು. ಹೀಗೆಯೇ ಇರು, ಮಾತು ಬಾರದಿದ್ದರೂ ಆಗ್ತದೆ. ಇರ್ತೀಯಲ್ಲ?"

ಒಳಗಿನಿಂದ ಅತ್ತಿಗೆಯ ದನಿ ಕೇಳುತ್ತಿತ್ತು, "ಹೌದು ಮಗಾ, ಸ್ಪಷ್ಟವಾಗಿ ಹೇಳಿದ್ರು." ಅವನು ನನ್ನನ್ನೇ ನೋಡುತ್ತಾ ಕೂತಿದ್ದ. ನಾನು ಕಾದೆ. ಅವರು ಫೋನ್ ಇಟ್ಟು ಹೊರಗೆ ಬರುವವರೆಗೂ ಕಾದೆ. ಅವನು ಉತ್ತರ ಕೊಡಲಿಲ್ಲ.