ಬುಟ್ಟಿಯಡಿಯ ರೊಟ್ಟಿ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಲಿಂಗಸುಗೂರಿನ ಒಂದು ಹೊಸ ಫಾರ್ಮಸಿ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿದ್ದೆ. ಪುಣೆಯ ಕಾಲೇಜುಗಳಲ್ಲಿ ಫಾರಿನ್ ಹುಡುಗರು ತುಂಬಿದ್ದಾರೆಂದು ಯಾರೋ ನಮ್ಮ ಅಧ್ಯಕ್ಷರ ಕಿವಿಗೆ ಹಾಕಿದ್ದರು. ಸಿಂಧನೂರಿನಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಅವರಿಗೆ ತಮ್ಮ ಕಾಲೇಜಿನಲ್ಲೂ ಅಂಥವನೊಬ್ಬ ಇರಬೇಕೆನ್ನುವ ಹುಚ್ಚು ಹತ್ತಿತು. ಇಂಗ್ಲಿಷ್ ಮಾತಾಡುತ್ತೇನೆಂಬ ಒಂದೇ ತಪ್ಪಿಗೆ ನನ್ನನ್ನು ಪುಣೆಗೆ ಅಟ್ಟಿದರು. ಅಲ್ಲಿ ಸೀಟು ಸಿಗದೆ ಅಲೆಯುತ್ತಿದ್ದ ಸುಡಾನಿನ ಹುಡುಗನೊಬ್ಬನನ್ನು ಒಪ್ಪಿಸಿ ಬಸ್ಸಿನಲ್ಲಿ ಕರೆತಂದೆ.

ಕಾಲೇಜಿನ ಬ್ರೋಷರಿನಲ್ಲಿ ಚೆಂದದ ಹಾಸ್ಟೆಲ್ ಇತ್ತು. ಊರಲ್ಲಿ ಅದಕ್ಕಿನ್ನೂ ಸ್ಲ್ಯಾಬು ಹಾಕಿರಲಿಲ್ಲ. ಹಾಗಾಗಿ ಹುಡುಗ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇಳಿದ.

"ಇವ ನಿಂತ್ರ ನಿನ್ನ ನೌಕರಿ ಪಕ್ಕಾ. ಓಡಿಹೋದ್ರ ನೀನೂ ಅವನ ಹಿಂದ ಹೋಗು" ಎಂದರು ಅಧ್ಯಕ್ಷರು. ಹಾಗೆಂದವರೇ ತಮ್ಮ ಗಿರಣಿಯಿಂದ ಸಣ್ಣಕ್ಕಿಯ ಚೀಲವನ್ನೂ ಕಳಿಸಿದರು.

ಅಲ್ಲಿಂದ ನಮ್ಮ ಮನೆ ನಾಟಕದ ಮನೆಯಾಯಿತು. ನಾನು ಹಟ್ಟಿಯ ಚಿನ್ನದ ಗಣಿ ಕಾಲೊನಿಗೆ ಹೋಗಿ ಬ್ರೆಡ್ಡು, ಜಾಮು ತಂದೆ. ಅವ್ವ ಮಧ್ಯಾಹ್ನ ಅನ್ನ ಮಾಡಿದಳು, ರಾತ್ರಿಯೂ ಅನ್ನ ಮಾಡಿದಳು. ಮಸ್ಕಿಯ ಹೊಲಮನೆಯಲ್ಲಿ ಹುಟ್ಟಿದ ಅವಳಿಗೆ ಜೋಳದ ರೊಟ್ಟಿಯಿಲ್ಲದೆ ಹೊಟ್ಟೆ ತುಂಬುತ್ತಿರಲಿಲ್ಲ. ಆದರೆ ಕಾಲುವೆ ನೀರು ಬಂದು ಭತ್ತ ಬೆಳೆಯತೊಡಗಿದ ಮೇಲೆ ನಮ್ಮ ಕಡೆ ಜೋಳ ಬಡವರದು, ಅಕ್ಕಿ ದೊಡ್ಡವರದು ಎಂದಾಗಿತ್ತಲ್ಲ.

"ಫಾರಿನ್ನಿನವಗ ರೊಟ್ಟಿ ಹಾಕಿದ್ರ ನಮ್ಮ ಇಜ್ಜತ್ತು ಏನಾಗಬೇಕು?" ಎಂದು ಒಲೆಯನ್ನೇ ಹಿತ್ತಲಿಗೆ ಸಾಗಿಸಿದಳು, ರೊಟ್ಟಿ ಬಡಿಯುವ ಸಪ್ಪಳ ಅವನಿಗೆ ಕೇಳಬಾರದೆಂದು. ಅವನು ಏಳುವ ಮೊದಲೇ ನಾವಿಬ್ಬರೂ ಕದ್ದವರ ಹಾಗೆ ತಿಂದು ಬಾಯಿ ಒರೆಸಿಕೊಳ್ಳುತ್ತಿದ್ದೆವು.

ಹುಡುಗ ಮಾತ್ರ ದಿನದಿನಕ್ಕೆ ಸೊರಗಿದ. ಬ್ರೆಡ್ಡಿನ ಅಂಚು ಕಡಿದು "ಥ್ಯಾಂಕ್ಯೂ" ಅನ್ನುತ್ತಿದ್ದ. ಒಂದು ದಿನ ನಸುಕಿನಲ್ಲೇ ಎದ್ದು ಬ್ಯಾಗು ಕಟ್ಟಿಕೊಂಡು ಬಂದು, ಪುಣೆಗೆ ವಾಪಸ್ ಹೋಗುತ್ತೇನೆ ಸರ್, ನಿಮ್ಮ ತಾಯಿಗೆ ಹೇಳಿ ಹೊರಡುತ್ತೇನೆ ಎಂದ. ನೌಕರಿ ಕೈಬಿಟ್ಟಿತೆಂದುಕೊಂಡು ಅವನ ಹಿಂದೆಯೇ ಹಿತ್ತಲಿಗೆ ಹೋದೆ.

ಅವ್ವ ಗಾಬರಿಯಾಗಿ ರೊಟ್ಟಿಯ ಮೇಲೆ ಬುಟ್ಟಿ ಮುಚ್ಚಿದಳು. ಹಂಚಿನ ಮೇಲಿದ್ದುದನ್ನು ಎಲ್ಲಿ ಮುಚ್ಚುವುದು? ಹುಡುಗ ಹಿಟ್ಟನ್ನು ಚಿಟಿಕೆ ತೆಗೆದು ಮೂಸಿದ. ಬ್ಯಾಗು ಇಳಿಸಿ ಅಲ್ಲೇ ನೆಲಕ್ಕೆ ಕೂತುಬಿಟ್ಟ.

"ನಮ್ಮೂರಲ್ಲೂ ಇದೇ ಜೋಳ. ನಮ್ಮ ತಾಯಿ ಇದರದೇ ರೊಟ್ಟಿ ಮಾಡುತ್ತಾಳೆ, ಇನ್ನೂ ತೆಳ್ಳಗೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ನಾನು ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ.

"ನನ್ನ ರೊಟ್ಟಿ ದಪ್ಪ ಅಂತಾನೇನು?" ಎಂದು ಸಿಡುಕುತ್ತಲೇ ಅವ್ವ ಬುಟ್ಟಿ ತೆಗೆದಳು. ಅವನು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದ, ಮತ್ತೆ ಕೈಚಾಚಿದ. ಅವ್ವ ನನ್ನ ಕಡೆ ತಿರುಗಿದಳು. "ಮನ್ಯಾಗಿದ್ದದ್ದನ್ನ ಮುಚ್ಚಿಟ್ಟು ಮಗನ್ನ ಉಪವಾಸ ಕೆಡವಿದ್ವಲ್ಲೋ!" ನನಗೆ ನಗುವೂ ಬಂತು, ಕಣ್ಣೂ ತುಂಬಿತು. ಆ ಬ್ಯಾಗನ್ನು ನಾನೇ ಒಯ್ದು ಕೋಣೆಯಲ್ಲಿಟ್ಟೆ. ಒಲೆ ಅಂದೇ ಒಳಗೆ ಬಂತು.

ಮುಂದಿನ ವರ್ಷ ಪುಣೆಗೆ ನನ್ನ ಬದಲು ಅವನೇ ಹೋಗಿ, ತನ್ನ ದೇಶದ ಇಬ್ಬರನ್ನು ಕರೆತಂದ. ಬ್ರೋಷರನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲವಂತೆ, ನಮ್ಮ ಅಡುಗೆಮನೆಯ ಸುದ್ದಿ ಹೇಳಿದನಂತೆ. ಹೊಸಬರನ್ನು ನೋಡಲು ಸಿಂಧನೂರಿನಿಂದ ಅಧ್ಯಕ್ಷರು ನಮ್ಮ ಮನೆಗೇ ಬಂದರು. ಅವ್ವ ಅವರ ತಾಟಿಗೂ ರೊಟ್ಟಿಯನ್ನೇ ಬಡಿಸಿದಳು. ಎಲ್ಲಿ ಕೋಪ ಮಾಡಿಕೊಳ್ಳುತ್ತಾರೋ ಎಂದು ನಾನು ಅನ್ನದ ಪಾತ್ರೆಯನ್ನು ಅವರ ಹತ್ತಿರಕ್ಕೆ ಸರಿಸಿದೆ.

ಅಧ್ಯಕ್ಷರು ತಲೆ ತಗ್ಗಿಸಿ ಪೂರ್ತಿ ತಿಂದರು. "ಇವನ ನೌಕರಿ ಪಕ್ಕಾ" ಎಂದು ನನ್ನ ಕಡೆ ಕೈ ಮಾಡಿದರು. ಆಮೇಲೆ ದನಿ ತಗ್ಗಿಸಿ, "ಗಿರಣಿ ಹಾಕಿದ ಮ್ಯಾಲ ನಮ್ಮ ಮನ್ಯಾಗ ರೊಟ್ಟಿ ಮಾಡೋದ ಬಿಟ್ಟಾರ. ಇನ್ನೊಂದು ಹಾಕು ಯವ್ವಾ" ಎಂದರು.