ಓಟ ಕಲಿಸಿದ ಫಕ್ಕೀರಪ್ಪ

ಫಕ್ಕೀರಪ್ಪನ ಎರಡೂ ಪಾದ ಸೇರಿ ಆರೇ ಉಗುರುಗಳಿದ್ದವು. ಉಳಿದ ನಾಲ್ಕು ಓಡಿ ಓಡಿ ಕಪ್ಪಾಗಿ ಉದುರಿಹೋಗಿದ್ದವು. ನಮ್ಮ ಜೊತೆ ಓಡುತ್ತೇನೆಂದು ಯಾರಾದರೂ ಹೊಸಬರು ಬಂದರೆ ಅವನು ಮೊದಲು ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು ಬೂಟು, ಕಾಲುಚೀಲ ಬಿಚ್ಚಿ ಬೆರಳು ತೋರಿಸುತ್ತಿದ್ದ. "ನೋಡ್ರಿ, ಇದು ನನ್ನ ಸರ್ಟಿಫಿಕೇಟು. ಒಂದ ನಂಬರ ದೊಡ್ಡ ಬೂಟ ತಗೊಂಡ್ರಿ ಅಂದ್ರ ನಿಮಗ ಇದು ಸಿಗೂದಿಲ್ಲ" ಎಂದು ವಸಡು ಕಾಣುವಂತೆ ನಗುತ್ತಿದ್ದ.

ಗುಡಗೇರಿಯ ಪಂಚಾಯಿತಿಯಲ್ಲಿ ನಳದ ನೀರು ಬಿಡುವ ಕೆಲಸ ಅವನದು. ಯಾವ ಓಣಿಗೆ ಯಾವ ದಿನ, ಎಷ್ಟು ಹೊತ್ತು ಎಂಬುದೆಲ್ಲ ತಲೆಯಲ್ಲೇ ಇರುತ್ತಿತ್ತು. ಒಂದು ವಾಲ್ವು ತೆರೆದು ಇನ್ನೊಂದು ಓಣಿಗೆ ಹೋಗುವಷ್ಟರಲ್ಲಿ ಹೊತ್ತಾಗುತ್ತದೆಂದು ಓಡಲು ಶುರುಮಾಡಿದವನು, ಆಮೇಲೆ ವಾಲ್ವಿಲ್ಲದ ಕಡೆಗೂ ಓಡತೊಡಗಿದ. ಐವತ್ತರ ಹತ್ತಿರದ ವಯಸ್ಸು. ಹುಬ್ಬಳ್ಳಿಯ ಮ್ಯಾರಥಾನಿನಲ್ಲಿ ಎರಡು ಸಲ ನಲವತ್ತೆರಡು ಕಿಲೋಮೀಟರ್ ಓಡಿ ಬಂದಿದ್ದ. ಆ ಎರಡು ಪದಕಗಳು ಅವನ ಮನೆಯ ಪಡಸಾಲೆಯಲ್ಲಿ, ದೇವರ ಫೋಟೋದ ಬಾಜುವಿಗೇ ತೂಗುತ್ತಿದ್ದವು.

ನಾನು ಆಗ ಅಲ್ಲಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ನಲವತ್ತು ತುಂಬುವುದರೊಳಗೆ ಸಕ್ಕರೆ ಕಾಯಿಲೆ ಬಂದು, ಡಾಕ್ಟರು ದಿನಾ ನಡೆಯಿರಿ ಎಂದಿದ್ದರು. ಕುಂದಗೋಳದ ರಸ್ತೆಯಲ್ಲಿ ಒಬ್ಬನೇ ನಡೆಯುತ್ತಿದ್ದವನ ಪಕ್ಕಕ್ಕೆ ಒಂದು ಮುಂಜಾನೆ ಫಕ್ಕೀರಪ್ಪ ಓಡುತ್ತ ಬಂದ. "ದಾದಾಪೀರ ಸರ, ನಡದ್ರ ಸಕ್ಕರಿ ನಿಮ್ಮ ಜೋಡಿನ ನಡೀತೈತಿ. ಸ್ವಲ್ಪ ಓಡ್ರಿ, ಅದು ಹಿಂದ ಉಳೀಲಿ" ಎಂದ. ಅಂದಿನಿಂದ ನಾನು ಅವನ ಗುಂಪಿಗೆ ಸೇರಿದೆ. ಗುಂಪೆಂದರೆ ನಾಲ್ಕೇ ಮಂದಿ. ಅವನು, ನಾನು, ಆರೋಗ್ಯ ಕೇಂದ್ರದ ನರ್ಸ್ ಸುನಂದಾ, ಸಂತೆಪೇಟೆಯ ಕಾಳಿನ ವ್ಯಾಪಾರಿ ಮಲ್ಲೇಶಿ. ಮಲ್ಲೇಶಿಯ ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಓಡುತ್ತಿತ್ತು.

ರವಿವಾರ ಉದ್ದ ಓಟದ ದಿನ. ಓಣಿಗಳಿಗೆಲ್ಲ ನೀರು ಬಿಟ್ಟು ಮುಗಿಸಿ ಅವನು ಬರುವಷ್ಟರಲ್ಲಿ ಎರೆಹೊಲಗಳ ಮೇಲೆ ಬೆಳಕು ಹರಿದಿರುತ್ತಿತ್ತು. ಸಂಶಿಯ ಕಡೆಗೆ ಹೋಗಿ ಹೊರಳಿ ಬರುವುದು. ವಾರ ವಾರ ಒಂದಿಷ್ಟು ದೂರ ಏರಿಸುತ್ತಿದ್ದ, ನಾಲ್ಕನೆಯ ವಾರ ಇಳಿಸುತ್ತಿದ್ದ. ಓಡುವಾಗ ಮಾತು ನಿಲ್ಲಿಸಬಾರದು ಎಂಬುದು ಅವನ ಕಟ್ಟುನಿಟ್ಟು. "ಮಾತಾಡ್ಕೋತ ಓಡ್ರಿ. ಮಾತು ತುಂಡಾತು ಅಂದ್ರ ಜೋರ ಆಗೇತಿ ಅಂತ ತಿಳೀರಿ." ಮೂರನೆಯ ವಾರವೇ ನಮ್ಮ ನಡುವಿನ 'ರೀ'ಯನ್ನೂ ತೆಗೆಸಿಹಾಕಿದ. "ರೀ ಗೀ ಹಚ್ಚಿ ಉಸರ ದಂಡ ಮಾಡಬ್ಯಾಡ್ರಿ. ಇಲ್ಲಿ ಎಲ್ಲಾರೂ ಲೇ." ಸುನಂದಾ ಒಬ್ಬಳಿಗೆ ಮಾತ್ರ 'ತಂಗಿ' ಎನ್ನುತ್ತಿದ್ದ. ದೊಡ್ಡ ಓಟದ ದಿನಕ್ಕೆ ಅವನು ಹೇಳುತ್ತಿದ್ದುದು ಇಷ್ಟೇ: "ಹೊಸಾ ಬೂಟು, ಹೊಸಾ ತಿನಿಸು, ಹೊಸಾ ಧೈರ್ಯ, ಅವತ್ತ ಯಾವುದೂ ಬ್ಯಾಡ. ರೂಢಿ ಇದ್ದದ್ದಷ್ಟ ಮಾಡ್ರಿ."

ಮೊದಲ ಸಲ ಹದಿನೆಂಟು ಕಿಲೋಮೀಟರ್ ಓಡಿದ ದಿನ ನಾನು ಅವನ ಮಾತು ಕೇಳದೆ ಮುಂದೆ ನುಗ್ಗಿದೆ. ಸಂಶಿಯಿಂದ ಹೊರಳಿ ಸ್ವಲ್ಪ ದೂರ ಬರುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ಮೆಣಸಿನಕಾಯಿ ಹೊಲದ ಬದುವಿನ ಮೇಲೆ ಕುಸಿದು ಕೂತೆ. ಫಕ್ಕೀರಪ್ಪ ಬಂದು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದ. ಮೇಷ್ಟರ ಕಾಲು ಹೀಗೆ ಹಿಡಿದಿದ್ದನ್ನು ಯಾರಾದರೂ ನೋಡಿಯಾರು ಎಂದು ನಾನು ನಾಚಿಕೊಂಡರೆ, "ಸುಮ್ಮ ಕುಂದರಲೇ, ಎತ್ತಿನ ಕಾಲ ತಿಕ್ಕಿದ ಕೈ ಇದು" ಎಂದ. ಕಿಸೆಯಿಂದ ಬೆಲ್ಲ ತೆಗೆದು ಕೊಟ್ಟ. ಆಮೇಲೆ ತನ್ನ ಓಟವನ್ನು ಅಲ್ಲಿಗೇ ಬಿಟ್ಟು ನನ್ನ ಜೊತೆ ಊರಿನವರೆಗೂ ನಡೆದ. ಎರಡು ತಾಸು ಹಿಡಿಯಿತು. ಒಮ್ಮೆಯೂ ನಿನ್ನದು ತಪ್ಪೆಂದು ಹೇಳಲಿಲ್ಲ.

ಸುನಂದಾ ಟ್ರ್ಯಾಕ್ ಪ್ಯಾಂಟು ಹಾಕಿ ಓಡುವುದನ್ನು ಕಂಡು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂರುವ ಗಂಡಸರು ಸಿಳ್ಳು ಹಾಕುತ್ತಿದ್ದರು. ಅವಳು ಎರಡು ರವಿವಾರ ಬರಲಿಲ್ಲ. ಮೂರನೆಯ ರವಿವಾರ ಫಕ್ಕೀರಪ್ಪ ಅವಳ ಮನೆಗೇ ಹೋಗಿ ಕರೆದುಕೊಂಡು ಬಂದು, ಆ ಅಂಗಡಿಯ ಮುಂದೆಯೇ ನಿಲ್ಲಿಸಿದ. "ಸಿಳ್ಳಿ ಹೊಡಿಯಾಕ ಉಸರ ಭಾಳ ಬೇಕ್ರಿ. ನಿಮ್ಮ ಕಡಿ ಅಷ್ಟು ಉಸರ ಐತಿ ಅಂದ್ರ ಬರ್ರಿ, ಈಕಿ ಜೋಡಿ ರೇಲ್ವೆ ಗೇಟಿನ ತನಕ ಓಡಿ ತೋರಸ್ರಿ" ಎಂದ. ಇಬ್ಬರು ಎದ್ದರು. ಒಬ್ಬ ಹಿಟ್ಟಿನ ಗಿರಣಿ ದಾಟಲಿಲ್ಲ, ಇನ್ನೊಬ್ಬ ಗೇಟಿನ ಹತ್ತಿರ ಕಾಲುವೆಗೆ ವಾಂತಿ ಮಾಡಿಕೊಂಡ. ಸುನಂದಾ ಅವನ ಬೆನ್ನು ತಟ್ಟಿ ನೀರು ಕುಡಿಸಿದಳು. ಮತ್ತೆ ಸಿಳ್ಳು ಕೇಳಲಿಲ್ಲ.

ಮೂರನೆಯ ವರ್ಷ ನಾಲ್ವರೂ ಕೂಡಿ ಹುಬ್ಬಳ್ಳಿಯ ಮ್ಯಾರಥಾನಿಗೆ ಹೆಸರು ಕೊಟ್ಟೆವು. ಸುನಂದಾ, ಮಲ್ಲೇಶಿ ಅರ್ಧ ದೂರಕ್ಕೆ. ಫಕ್ಕೀರಪ್ಪ ಮತ್ತು ನಾನು ಪೂರ್ತಿಗೆ. ಆ ವರ್ಷದ ತಾಲೀಮಿನಲ್ಲಿ ಅವನು ನಮ್ಮೊಂದಿಗೆ ಸ್ವಲ್ಪ ದೂರ ಓಡಿ, ನಂತರ ಗೇಟಿನ ಹತ್ತಿರ ಉಪ್ಪು ಸಕ್ಕರೆ ಕಲಸಿದ ನಿಂಬೆಹಣ್ಣಿನ ನೀರು ಹಿಡಿದು ಕಾಯುತ್ತ ನಿಲ್ಲುತ್ತಿದ್ದ. "ನಿಮ್ಮ ಓಟ ನೋಡ್ಬೇಕು ನಾ, ಜೋಡಿ ಓಡಿದ್ರ ಕಾಣೂದಿಲ್ಲ" ಎನ್ನುತ್ತಿದ್ದ. ನಾವು ಅದನ್ನು ಅವನ ಒಳ್ಳೆಯತನವೆಂದೇ ತಿಳಿದೆವು.

ಹುಬ್ಬಳ್ಳಿಯಲ್ಲಿ ಅರ್ಧ ದಾರಿಗೆ ಹೋಗಿ ಹೊರಳಿ ಬರಬೇಕಿತ್ತು. ಹೊರಳುವ ಜಾಗದಲ್ಲಿ ಕೈಗೊಂದು ಹಸಿರು ರಿಬ್ಬನ್ ಕಟ್ಟುತ್ತಿದ್ದರು. ಅಲ್ಲಿಯ ತನಕ ಹೋಗಿ ಬಂದಿದ್ದಕ್ಕೆ ಅದೇ ಗುರುತು, ಬೇರೆ ಲೆಕ್ಕವಿರಲಿಲ್ಲ. ನಾನು ರಿಬ್ಬನ್ ಕಟ್ಟಿಸಿಕೊಂಡು ಹೊರಳಿ ಬರುವಾಗ ಫಕ್ಕೀರಪ್ಪ ಎದುರಿನಿಂದ ಬರುತ್ತಿದ್ದ, ಇನ್ನೂ ಹೊರಳಿರಲಿಲ್ಲ. ಬಲಗಾಲು ಎಳೆಯುತ್ತಿದ್ದ. "ನೀ ಹೋಗಲೇ, ನಾ ಬರ್ತೀನಿ" ಎಂದು ಕೂಗಿದ. ಗುರುವಿಗಿಂತ ಮುಂದೆ ಇದ್ದೇನೆಂಬ ಹಿಗ್ಗಿನಲ್ಲಿ ನಾನು ನಿಲ್ಲಲಿಲ್ಲ.

ಮೂವತ್ತು ದಾಟಿದ ಮೇಲೆ ನನ್ನ ಮೈ ಕಲ್ಲಾಯಿತು. ಬಿಸಿಲು ನೆತ್ತಿಗೇರಿತ್ತು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಂದು ಎಣಿಸುತ್ತ ಕಾಲೆಳೆಯುತ್ತಿದ್ದಾಗ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಂದು ಆಟೋ ನನ್ನನ್ನು ದಾಟಿ ಹೋಯಿತು. ಹಿಂದಿನ ಸೀಟಿನಲ್ಲಿ ಫಕ್ಕೀರಪ್ಪ ಕೂತಿದ್ದ. ತಲೆಗೆ ಟವೆಲ್ ಸುತ್ತಿಕೊಂಡಿದ್ದ, ಎದೆಯ ಮೇಲಿನ ನಂಬರು, ಕೈಯ ಹಸಿರು ರಿಬ್ಬನ್ ಹಾಗೆಯೇ ಇದ್ದವು. ಅವನು ನನ್ನನ್ನು ನೋಡಿದ. ನಾನೂ ನೋಡಿದೆ. ಆಟೋ ಹೋಯಿತು.

ನಾನು ಮುಗಿಸಿದಾಗ ಅವನು ಪದಕ ಹಾಕಿಕೊಂಡು ಶಾಮಿಯಾನಾದ ಮೂಲೆಯಲ್ಲಿ ಬೂಟಿನ ದಾರದ ಮೇಲೆ ಬಾಗಿ ಕೂತಿದ್ದ. ಗೋಡೆಗೆ ಹಚ್ಚಿದ ಫಲಿತಾಂಶದ ಕಾಗದದಲ್ಲಿ ಅವನ ಹೆಸರು ನನ್ನ ಹೆಸರಿಗಿಂತ ಮೇಲಿತ್ತು. ಮಲ್ಲೇಶಿ ಅದನ್ನು ಜೋರಾಗಿ ಓದಿ, "ಏನಲೇ ಮಾಸ್ತರ, ಐವತ್ತರ ಮುದುಕ ನಿನ್ನ ಹೊಡದು ಹಾಕಿದ್ನಲ್ಲೋ!" ಎಂದು ನಕ್ಕ. ಸಂಜೆಯ ರೈಲಿನಲ್ಲಿ ಮಲ್ಲೇಶಿ ಅದೇ ಮಾತನ್ನು ಇನ್ನೂ ಎರಡು ಸಲ ಆಡಿದ. ಫಕ್ಕೀರಪ್ಪ ಬಾಗಿಲ ಹತ್ತಿರ ನಿಂತು ಹೊರಗೆ ನೋಡುತ್ತಿದ್ದ. ಆಟೋದ ಮಾತನ್ನು ನಾನು ಎತ್ತಲಿಲ್ಲ.

ಮುಂದಿನ ರವಿವಾರ ಊರಿನ ಯುವಕರು ಪಂಚಾಯಿತಿಯ ಮುಂದೆ ಅವನಿಗೆ ಸನ್ಮಾನ ಇಟ್ಟರು. ಅವನ ಹೆಂಡತಿ ನೀಲವ್ವ ಹೊಸ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ಎರಡು ಮಾತಾಡಲು ನನ್ನನ್ನು ಕರೆದರು. ಅವನು ನನ್ನ ಕಾಲು ತಿಕ್ಕಿದ ಕಥೆ ಹೇಳಬೇಕೆಂದೇ ನಾನು ಎದ್ದಿದ್ದೆ. ಮೈಕು ಕೈಗೆ ಬಂದಾಗ ಮಲ್ಲೇಶಿ ಕೆಳಗಿನಿಂದ, "ಸೋತಾಂವ ಮಾತಾಡ್ತಾನ, ಕೇಳ್ರಿ" ಎಂದ. ಮಂದಿ ನಕ್ಕರು. ನನ್ನ ಬಾಯಿಂದ ಬಂದದ್ದು ಬೇರೆಯೇ. "ಇವರು ಪೂರ್ತಿ ಓಡಿಲ್ಲ. ಆಟೋದಾಗ ಕುಂತು ಹೋಗಿದ್ದನ್ನ ನನ್ನ ಕಣ್ಣಾರೆ ನೋಡೀನಿ."

ಫಕ್ಕೀರಪ್ಪ ಹೆಗಲ ಮೇಲಿನ ಶಾಲು ತೆಗೆದು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟ. ಹಾರವನ್ನು ಅದರ ಮೇಲಿಟ್ಟ. ಇಳಿದು ಹೋಗುವಾಗ ನನ್ನ ಕಡೆಗೆ ನೋಡಲಿಲ್ಲ. ನೀಲವ್ವ ನೋಡಿದಳು.

ಅಂದಿನಿಂದ ಅವನು ಊರಿಗೆಲ್ಲ 'ಆಟೋ ಫಕ್ಕೀರಪ್ಪ'ನಾದ. ನೀರು ತಡವಾದರೆ "ಆಟೋ ಪಂಕ್ಚರ್ ಆಗೇತೇನ್ರಿ?" ಎಂದು ಹೆಂಗಸರೂ ಕೇಳುತ್ತಿದ್ದರು. ಅವನು ವಾಲ್ವು ತಿರುವಿ ಮುಂದಿನ ಓಣಿಗೆ ಹೋಗುತ್ತಿದ್ದ. ರವಿವಾರದ ಓಟ ನಿಂತಿತು. ಎರಡು ವಾರ ಸ್ಟೇಷನ್ನಿನ ಕಟ್ಟೆಗೆ ನಾನೊಬ್ಬನೇ ಹೋಗಿ ನಿಂತು ಬಂದೆ.

ಓಟಕ್ಕೆ ಯಾಕೆ ಬರುತ್ತಿಲ್ಲವೆಂದು ಸುನಂದಾಳನ್ನು ಕೇಳಲು ಆರೋಗ್ಯ ಕೇಂದ್ರಕ್ಕೆ ಹೋದೆ. ಅವಳು ಔಷಧಿಯ ಡಬ್ಬಿಗಳನ್ನು ಜೋಡಿಸುತ್ತ, ತಲೆ ಎತ್ತದೆ ಹೇಳಿದಳು: "ಅವರ ಮೊಣಕಾಲು ಹೋಗಿ ಒಂದ ವರ್ಷಾತ್ರಿ ಸರ. ಓಡಬ್ಯಾಡ ಅಂತ ದೊಡ್ಡ ಡಾಕ್ಟರು ಬರದು ಕೊಟ್ಟಾರ. ಇಂಜೆಕ್ಷನ್ ಮಾಡಿದಾಕಿ ನಾನ. 'ನಾ ಬಿಟ್ರ ಇವರೆಲ್ಲಾರೂ ಬಿಡ್ತಾರ, ಯಾರಿಗೂ ಹೇಳಬ್ಯಾಡ ತಂಗಿ' ಅಂದಿದ್ರು."

"ಹಂಗಂದ್ರ ಪದಕ ಯಾಕ ಹಾಕ್ಕೊಂಡ?" ಎಂದೆ.

"ತಪ್ಪ ಮಾಡ್ಯಾರ. ನಾ ಇಲ್ಲ ಅನ್ನೂದಿಲ್ಲ. ಆದ್ರ ನೀವು ಅವರ ಮನಿಗೆ ಹೋಗಿ ಕೇಳಬಹುದಿತ್ತು. ಇಡೀ ವಾರ ಇತ್ತು ನಿಮ್ಮ ಕಡಿ."

ಅವಳು 'ರೀ' ಹಚ್ಚಿ ಮಾತಾಡಿದ್ದು ಹೊರಗೆ ಬಂದ ಮೇಲೆ ಹೊಳೆಯಿತು.

ಆರು ತಿಂಗಳಲ್ಲಿ ಫಕ್ಕೀರಪ್ಪ ನೀರಿನ ಕೆಲಸ ಬಿಟ್ಟು ನೀಲವ್ವನ ತವರು ದೇವಿಕೊಪ್ಪಕ್ಕೆ ಹೋದ. ನಾನು ಹೇಳಿದ್ದು ನಿಜ, ನಿಜ ಹೇಳಿದವನು ಯಾಕೆ ಅಳುಕಬೇಕು ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಮೂರು ವರ್ಷ ತಾಳ್ಮೆ ಕಲಿಸಿದವನು ಕೊನೆಯ ಹತ್ತು ಹದಿನೈದು ಕಿಲೋಮೀಟರಿನ ನೋವು ತಾಳದೆ ನಮಗೆಲ್ಲ ಮೋಸ ಮಾಡಿದನೆಂಬ ಸಿಟ್ಟೂ ಹೋಗಿರಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ.

ಎರಡು ವರ್ಷದ ನಂತರ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಮಿಶ್ರಿಕೋಟಿಗೆ ಹಾಕಿದರು. ಕೊನೆಯ ದಿನ ಮಧ್ಯಾಹ್ನ ಬಸ್ಸು ಹಿಡಿದು ದೇವಿಕೊಪ್ಪಕ್ಕೆ ಹೋದೆ. ಫಕ್ಕೀರಪ್ಪ ಮನೆಯ ಮುಂದೆ ಭತ್ತದ ಚೀಲದ ಬಾಯಿ ಹೊಲಿಯುತ್ತ ಕೂತಿದ್ದ. ಮೈ ಬಂದಿತ್ತು. ಏಳುವಾಗ ಮೊಣಕಾಲಿಗೆ ಕೈ ಕೊಟ್ಟು ಎದ್ದ. "ಬಾ" ಎಂದಷ್ಟೇ ಹೇಳಿ ಮಂಚ ಕೊಡವಿದ. ನೀಲವ್ವ ಹೊರಗೆ ಬರಲಿಲ್ಲ. ಅವನೇ ಒಳಗೆ ಹೋಗಿ ಚಹಾ ತಂದ.

ಮಳೆ, ಬೆಳೆ ಎಲ್ಲ ಮಾತಾಡಿ ಮುಗಿಯಿತು. ಕೊನೆಗೆ ನಾನು, "ಫಕ್ಕೀರಪ್ಪ, ಅವತ್ತ ನಾ ಹಂಗ ಮಾಡಬಾರದಿತ್ತು" ಎಂದೆ.

"ಯಾಕ? ನೀ ಏನ ಸುಳ್ಳ ಹೇಳಿಲ್ಲಲ" ಎಂದ. ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟ. "ಆಟೋದಾಗಿಂದ ನಿನ್ನ ನೋಡಿದ್ದೆ. ಮಾಸ್ತರ ಬಂದು ಬೈತಾನ ಅಂತ ಆರು ದಿನಾ ಹಾದಿ ಕಾದೆ. ನೀ ಬೈದಿದ್ರ ಪದಕ ನಿನ್ನ ಕೈಯಾಗ ಕೊಟ್ಟು, ಸನ್ಮಾನ ಬ್ಯಾಡ ಅಂತಿದ್ದೆ. ನಾನ ಹೇಳಾಕ ಬಾಯಿ ಬರಲಿಲ್ಲ."

ನಾನು ಚಹಾ ಕುಡಿದು ಲೋಟ ಕೆಳಗಿಟ್ಟೆ.

"ಒಂದ ಕೇಳ್ತೀನಿ. ಖರೇ ಹೇಳು" ಎಂದ. "ಅವತ್ತ ಗ್ವಾಡಿ ಮ್ಯಾಲ ನಿನ್ನ ಹೆಸರು ನನ್ನ ಹೆಸರಿನಕಿಂತ ಮ್ಯಾಲ ಇದ್ದಿದ್ರ, ನೀ ಹೇಳ್ತಿದ್ದೇನು?"

ಸುಳ್ಳು ಹೇಳಬಹುದಿತ್ತು. "ಇಲ್ಲ" ಎಂದೆ.

ಫಕ್ಕೀರಪ್ಪ ತಲೆಯಾಡಿಸಿದ. ಸಿಟ್ಟೇನೂ ಕಾಣಲಿಲ್ಲ.

"ಇದನ್ನೂ ಅವತ್ತ ಮೈಕಿನಾಗ ಹೇಳಬೇಕಿತ್ತು" ಎಂದು ಹೇಳಿ, ಎರಡೂ ಲೋಟ ಎತ್ತಿಕೊಂಡು ಒಳಗೆ ಹೋದ. ಬಸ್ಸು ಬರುವವರೆಗೆ ನಾನು ಮಂಚದ ಮೇಲೆ ಕೂತೇ ಇದ್ದೆ. ಅವನು ಮತ್ತೆ ಹೊರಗೆ ಬರಲಿಲ್ಲ.