ಸೊಣ್ಣಮ್ಮನ ಹದಿನೇಳು ಗೈರುಹಾಜರಿ

೧೯೫೯ರ ಜೂನ್‌ನಲ್ಲಿ ಬೈರಸಂದ್ರದ ಮುನಿವೆಂಕಟಮ್ಮ ತಮ್ಮ ಮೊಮ್ಮಗಳನ್ನು ಜಯನಗರದ ಮಿಡ್ಲ್ ಸ್ಕೂಲಿಗೆ ಸೇರಿಸಿದರು. ಹುಡುಗಿ ಊರಿನ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಪಾಸಾಗಿದ್ದಳು. ಹೆಸರು ಸೊಣ್ಣಮ್ಮ. ಅದು ಮುನಿವೆಂಕಟಮ್ಮನವರ ತಾಯಿಯ ಹೆಸರು.

ಮುನಿವೆಂಕಟಮ್ಮನವರಿಗೆ ಆಗ ಅರವತ್ತು ಇರಬಹುದು. ಬಡಾವಣೆ ಬರುವ ಮೊದಲು ಅವರಿಗೆ ಎರಡೂಕಾಲು ಎಕರೆ ರಾಗಿ ಹೊಲವಿತ್ತು. ಹೊಲ ಹೋದ ಮೇಲೆ ಮಗ, ಸೊಸೆ ಅದೇ ಜಾಗದಲ್ಲಿ ಏಳುತ್ತಿದ್ದ ಮನೆಗಳಿಗೆ ಗಾರೆ ಕೆಲಸಕ್ಕೆ ಹೋದರು. ಇವರು ಎರಡು ಎಮ್ಮೆ ಸಾಕಿ ಹದಿನಾಲ್ಕು ಮನೆಗೆ ದಿನವೂ ತಿಂಗಳ ಲೆಕ್ಕದಲ್ಲಿ ವರ್ತನೆಯ ಹಾಲು ಹಾಕುತ್ತಿದ್ದರು. ಅದನ್ನು ಮುಗಿಸಿ ಬಂದು ಮೊಮ್ಮಗಳಿಗೆ ಬಿಗಿಯಾಗಿ ಎರಡು ಜಡೆ ಹೆಣೆದು ತಾವೇ ಶಾಲೆಗೆ ಕರೆತರುತ್ತಿದ್ದರು. ಹುಡುಗಿಗೆ ಹೊಸ ಶಾಲೆ ಎಂದರೆ ಭಯ. ಗೇಟಿನವರೆಗೂ ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ. ಮೇಷ್ಟ್ರು ನಿನ್ನ ಹೆಸರು ಕೂಗಿದಾಗ ಎದ್ದು ನಿಂತು 'ಹಾಜರ್ ಸಾರ್' ಅನ್ನು, ಅಲ್ಲಿಗೆ ನೀನೂ ಅವರಲ್ಲಿ ಒಬ್ಬಳಾದೆ ಎಂದು ಅಜ್ಜಿ ದಿನವೂ ಧೈರ್ಯ ಹೇಳಿ ಕಳಿಸುತ್ತಿದ್ದರು.

ಹುಡುಗಿ ಕೊನೆಯ ಸಾಲಿನಲ್ಲಿ ಕುಳಿತು ಕಾದಳು. ಹೆಸರು ಕೂಗಲಿಲ್ಲ. ಮರುದಿನವೂ ಇಲ್ಲ. ಹೊಸದಲ್ಲವೇ, ನಿಧಾನಕ್ಕೆ ಕೂಗುತ್ತಾರೆ ಎಂದರು ಅಜ್ಜಿ. ಎರಡು ವಾರವಾದರೂ ಕೂಗದಿದ್ದಾಗ, ಈ ಶಾಲೆಯವರು ತನ್ನನ್ನು ಸೇರಿಸಿಕೊಂಡೇ ಇಲ್ಲವೆಂದು ಹುಡುಗಿ ತೀರ್ಮಾನಿಸಿಕೊಂಡಳು. ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಆದರೂ ದಿನವೂ ಬಂದಳು.

ನಾನು ಆಗ ತಾನೇ ಬಿ.ಎಸ್ಸಿ. ಮುಗಿಸಿ ಅಲ್ಲಿ ವಿಜ್ಞಾನ ಹೇಳಿಕೊಡಲು ಸೇರಿದ್ದೆ. ಮೊಳಕೆಯ ಪಾಠಕ್ಕೆಂದು ಐದನೇ ಕ್ಲಾಸಿಗೆ ಅವರೆ ಬೀಜ ಒಯ್ದಿದ್ದೆ. ಅಂದು ಹಾಜರಿ ಪುಸ್ತಕದ ಪ್ರಕಾರ ಬಂದವರು ನಲವತ್ತೊಂದು, ಬಾರದವಳು ಒಬ್ಬಳು. ನಲವತ್ತೊಂದು ಬೀಜ ಹಂಚಿದೆ; ಒಂದು ಕಡಿಮೆ ಬಿತ್ತು. ತಲೆ ಎಣಿಸಿದೆ, ನಲವತ್ತೆರಡು. ಮತ್ತೆ ಎಣಿಸಿದೆ, ನಲವತ್ತೆರಡೇ. ಬೀಜ ಸಿಗದೆ ಕುಳಿತಿದ್ದವಳ ಹೆಸರು ಕೇಳಿದೆ. ಸೊಣ್ಣಮ್ಮ ಎಂದಳು. ಆ ಹೆಸರು ಪುಸ್ತಕದಲ್ಲೇ ಇರಲಿಲ್ಲ. ಪುಸ್ತಕದಲ್ಲಿದ್ದ ಸ್ವರ್ಣಾಂಬ ಎಂಬವಳು ಶಾಲೆ ತೆರೆದಾಗಿನಿಂದ ಒಂದು ದಿನವೂ ಬಂದಿರಲಿಲ್ಲ. ಅವಳ ಮುಂದೆ ಹದಿನೇಳು ಗೈರುಹಾಜರಿಗಳಿದ್ದವು. ಇಪ್ಪತ್ತಾದರೆ ಹೆಸರು ಹೊಡೆದುಹಾಕುವುದು ನಮ್ಮ ಶಾಲೆಯ ನಿಯಮ.

ಆಫೀಸಿನ ಕಡತದಿಂದ ಹುಡುಗಿಯ ಹಳೆಯ ಶಾಲೆಯ ಟಿ.ಸಿ. ತೆಗೆದು ನೋಡಿದೆ. ಸೊಣ್ಣಮ್ಮ ಎಂದು ಸ್ಪಷ್ಟವಾಗಿ ಬರೆದಿತ್ತು. ಕ್ಲಾಸ್ ಮೇಷ್ಟ್ರು ಅನಂತಪದ್ಮನಾಭರನ್ನು ಕೇಳಿದೆ. ಅವರು ಸಂಕೋಚವಿಲ್ಲದೆ ಒಪ್ಪಿಕೊಂಡರು. ಹೆಸರು ಕೇಳುವುದಕ್ಕೆ ಚೆನ್ನಾಗಿರಲಿಲ್ಲ, ತಿದ್ದಿ ಬರೆದುಕೊಂಡೆ ಎಂದರು. ಹುಡುಗಿಗೆ ಹೇಳಿದಿರಾ ಎಂದರೆ, ಅದೊಂದು ಮರೆತಿತ್ತು ಎಂದರು. ಕೊನೆಯ ಸಾಲಿನಲ್ಲಿ ಒಂದು ಮಗು ಹದಿನೇಳು ದಿನ ಕಣ್ಣೆದುರಿಗೇ ಕುಳಿತಿದ್ದರೂ ಅವರು ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಮರುದಿನ ಬೆಳಿಗ್ಗೆ ಮುನಿವೆಂಕಟಮ್ಮನವರನ್ನು ಹೆಡ್‌ಮಾಸ್ಟರ್ ಬದರಿನಾಥರ ಕೋಣೆಗೆ ಕರೆಸಿದೆ. ಯಾರೂ ಕುರ್ಚಿ ತೋರಿಸಲಿಲ್ಲ. ಅವರು ಬಾಗಿಲ ಬಳಿಯೇ ನಿಂತು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಒಳ್ಳೇದಕ್ಕೇ ಮಾಡಿದ್ದು ಕಣಮ್ಮ" ಎಂದರು ಅನಂತಪದ್ಮನಾಭರು. "ಸೊಣ್ಣಮ್ಮ ಅಂದ್ರೆ ಹುಡುಗ್ರು ಸೊನ್ನೆ ಸೊನ್ನೆ ಅಂತ ಆಡ್ಕೋತಾರೆ. ಸ್ವರ್ಣಾಂಬ ಅಂದ್ರೆ ಚಿನ್ನ. ನಿಮ್ಮ ಕಡೆಯೋರಿಗೆ ಇಂಥ ಹೆಸರು ಎಲ್ಲಿ ಸಿಗ್ಬೇಕು?"

"ಆಡ್ಕೊಳ್ಳೋ ಹುಡುಗ್ರ ಬಾಯಿ ತಿದ್ದೋದು ನಿಮ್ ಕೆಲ್ಸ ಸ್ವಾಮಿ. ನೀವು ಮಗೀನ ಹೆಸರು ತಿದ್ದಿದ್ದೀರ" ಎಂದರು ಮುನಿವೆಂಕಟಮ್ಮ. "ಹದಿನಾಲ್ಕು ಮನೇಲೂ ನನ್ನ ಹಾಲಮ್ಮ ಅಂತಾರೆ. ಅನ್ಲಿ, ನಂಗೆ ವಯಸ್ಸಾಯ್ತು. ಅದಕ್ಕಿನ್ನೂ ಹತ್ತು ವರ್ಸ. ನಮ್ಮವ್ವನ ಹೆಸರು ಅದು, ಬಿಡಲ್ಲ."

ಬದರಿನಾಥರು ನಿಯಮದ ಮಾತು ತೆಗೆದರು. ಒಮ್ಮೆ ದಾಖಲಾದ ಹೆಸರು ಬದಲಿಸಬೇಕಾದರೆ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಮಾಡಿಸಿ ತರಬೇಕಂತೆ. ತಪ್ಪು ಬರೆಯುವಾಗ ಯಾವ ಅಫಿಡವಿಟ್ಟೂ ಬೇಕಾಗಿರಲಿಲ್ಲವಲ್ಲ ಎಂದು ಟಿ.ಸಿ.ಯನ್ನು ಅವರ ಮುಂದಿಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಆಮೇಲೆ ಕೆಂಪು ಶಾಯಿಯಲ್ಲಿ ಹೆಸರು ಸರಿಮಾಡಿ ರುಜು ಹಾಕಿದರು. ಗೈರುಹಾಜರಿಗಳನ್ನು ಮಾತ್ರ ಮುಟ್ಟಲಿಲ್ಲ. ಅಷ್ಟನ್ನೆಲ್ಲ ತಿದ್ದಿದರೆ ಪುಸ್ತಕ ಕೊಳಕಾಗುತ್ತದೆ ಎಂದರು.

ಮುನಿವೆಂಕಟಮ್ಮ ಮನೆಗೆ ಹೋಗಲಿಲ್ಲ. ನೇರವಾಗಿ ಐದನೇ ಕ್ಲಾಸಿನ ಬಾಗಿಲಿಗೆ ಬಂದು ನಿಂತರು. ಅನಂತಪದ್ಮನಾಭರು ಹಾಜರಿ ಹಿಡಿಯುತ್ತ ಕೆಂಪು ಶಾಯಿಯ ಹೆಸರಿಗೆ ಬಂದು, ಕತ್ತು ಎತ್ತದೆ "ಸೊನ್ನಮ್ಮ" ಎಂದರು. ಎರಡು ಮೂರು ಹುಡುಗರು ಕಿಸಕ್ಕೆಂದರು. ಹುಡುಗಿ ಏಳಲಿಲ್ಲ. ಅಜ್ಜಿಯ ಮುಖ ನೋಡಿದಳು.

"ಇನ್ನೊಂದು ಸಲ ಸ್ವಾಮಿ" ಎಂದರು ಮುನಿವೆಂಕಟಮ್ಮ. "ನಾಲಿಗೆ ಒಸಿ ಮಡಿಸಿ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಕೊನೆಯ ಸಾಲಿನ ಕಡೆ ನೋಡಿ, "ಸೊಣ್ಣಮ್ಮ" ಎಂದರು. ಹುಡುಗಿ ಎದ್ದು ಉತ್ತರ ಕೊಟ್ಟಳು.

ಅಜ್ಜಿ ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಎಮ್ಮೆಗೆ ಹುಲ್ಲು ಕೊಯ್ಯುವ ಹೊತ್ತು ಅದು. ಆದರೂ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಕಿಟಕಿಯ ಹೊರಗೆ ನಿಂತು ಹಾಜರಿ ಮುಗಿಯುವವರೆಗೆ ಕೇಳಿ ಹೋಗುತ್ತಿದ್ದರು. ಇನ್ನು ಸಾಕಲ್ಲಮ್ಮ, ಸರಿಯಾಗಿಯೇ ಕೂಗುತ್ತಿದ್ದೇನಲ್ಲ ಎಂದು ಅನಂತಪದ್ಮನಾಭರು ಒಂದು ದಿನ ಬೇಸರಪಟ್ಟರು.

"ಪುಸ್ತಕದಾಗೆ ಹದಿನೇಳು ದಿನ ಬಂದಿಲ್ಲ ಅಂತ ಹಂಗೇ ಐತಂತಲ್ಲ ಸ್ವಾಮಿ" ಎಂದರು ಮುನಿವೆಂಕಟಮ್ಮ. "ಅಷ್ಟು ದಿನ ಕೇಳ್ತೀನಿ. ಇನ್ನೂ ಆರೇ ಆಗಿರೋದು."